ನೂರು ಬ್ಯಾಕ್ಟೀರಿಯಾ, ಒಂದು ಮಿಲಿಲೀಟರ್ ಜೆಲ್

1957ರಲ್ಲಿ ಲಂಡನ್‌ನಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ಒಂದು ಪ್ರಯೋಗ ನಡೆಸಿದರು. ಇವತ್ತಿನ ನೈತಿಕ ಸಮಿತಿಯ ಮುಂದೆ ಅಂಥ ಪ್ರಸ್ತಾವ ಇಟ್ಟರೆ ಬಾಗಿಲು ತೋರಿಸಿಯಾರು. ಒಪ್ಪಿ ಬಂದ ಆರೋಗ್ಯವಂತರ ಚರ್ಮದಡಿಗೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಚುಚ್ಚುವುದು, ಎಷ್ಟು ಸೇರಿದರೆ ಕೀವು ಕಟ್ಟುತ್ತದೆ ಎಂದು ಎಣಿಸುವುದು. ಮೊದಲ ಫಲಿತಾಂಶ ನಮ್ಮ ದೇಹದ ಬಗ್ಗೆ ಹೆಮ್ಮೆಪಡುವಂತೆಯೇ ಇತ್ತು. ಕೀವಾಗಬೇಕಾದರೆ ಹತ್ತಾರು ಲಕ್ಷ ಬ್ಯಾಕ್ಟೀರಿಯಾ ಬೇಕಾಯಿತು. ಅದಕ್ಕಿಂತ ಕಡಿಮೆಯಾದರೆ ಬಿಳಿ ರಕ್ತಕಣಗಳೇ ನುಂಗಿ ಮುಗಿಸುತ್ತಿದ್ದವು. ಆಮೇಲೆ ಚರ್ಮದಡಿಗೆ ಒಂದು ತುಂಡು ರೇಷ್ಮೆಯ ಹೊಲಿಗೆ ದಾರವನ್ನೂ ಸೇರಿಸಿ ನೋಡಿದರು. ಈ ಸಲ ನೂರರಷ್ಟು ಬ್ಯಾಕ್ಟೀರಿಯಾ ಸಾಕಾಯಿತು.

ದೇಹದ್ದಲ್ಲದ ವಸ್ತು ಒಳಗಿದ್ದರೆ ಸೋಂಕಿನ ಲೆಕ್ಕಾಚಾರ ಸಾವಿರಾರು ಪಟ್ಟು ಬದಲಾಗುತ್ತದೆ. ಮುಖಕ್ಕೆ ಹಾಕಿಸಿಕೊಳ್ಳುವ ಫಿಲ್ಲರ್ ಅಂಥದ್ದೇ ಒಂದು ವಸ್ತು.

ಬಳ್ಳಾರಿಯ ಗಾಂಧಿನಗರದಂಥ ಬಡಾವಣೆಯಲ್ಲಿ ಕ್ಲಿನಿಕ್, ಲ್ಯಾಬ್, ಔಷಧದಂಗಡಿ ಯಾವುದಕ್ಕೂ ಬರವಿಲ್ಲ. ಸಿರುಗುಪ್ಪದವರಿಗೂ ಕುರುಗೋಡಿನವರಿಗೂ ‘ದೊಡ್ಡ ಡಾಕ್ಟರಿಗೆ ತೋರಿಸೋದು’ ಅಂದರೆ ಬಳ್ಳಾರಿ ಬಸ್ ಹತ್ತುವುದೇ. ಹತ್ತು ವರ್ಷದ ಹಿಂದೆ ಇಂಥ ಊರುಗಳಲ್ಲಿ ಚರ್ಮದ ವೈದ್ಯರ ಬಳಿ ಹೋಗುತ್ತಿದ್ದುದು ಗಜಕರ್ಣ, ಬೆವರುಸಾಲೆ, ತೊನ್ನು ಎಂದು. ಈಗ ಅದೇ ಸಾಲಿನಲ್ಲಿ ಮದುವೆ ಗೊತ್ತಾದ ಹುಡುಗಿ ಮೊಬೈಲ್‌ನಲ್ಲಿ ನಟಿಯೊಬ್ಬಳ ತುಟಿಯ ಫೋಟೊ ಹಿಡಿದು ಕೂತಿರುತ್ತಾಳೆ. ಗಲ್ಲ ಚೂಪಾಗಬೇಕೆಂಬ ಹುಡುಗನೂ ಇರುತ್ತಾನೆ. ಇದರಲ್ಲಿ ನಗುವಂಥದ್ದಾಗಲಿ ಬೈಯುವಂಥದ್ದಾಗಲಿ ಏನಿಲ್ಲ. ಚೆಂದ ಕಾಣಬೇಕೆಂಬ ಆಸೆ ಬೆಂಗಳೂರಿನವರ ಸ್ವತ್ತೇನೂ ಅಲ್ಲ. ತಕರಾರು ಇರುವುದು ಬೇರೆ ಕಡೆ. ಫಿಲ್ಲರ್ ಎಂಬುದು ಫೇಶಿಯಲ್, ಬ್ಲೀಚ್‌ಗಳ ಪಟ್ಟಿಯಲ್ಲಿ ಮುಂದಿನ ಸಾಲು ಎಂಬಂತೆ, ಊಟದ ವಿರಾಮದಲ್ಲಿ ಮುಗಿಸಿಕೊಂಡು ಬರುವ ಕೆಲಸವೆಂಬಂತೆ ಮಾರಾಟವಾಗುತ್ತಿದೆ. ವೈದ್ಯಕೀಯವಾಗಿ ಅದು ಮೂಳೆಗೆ ರಾಡ್ ಹಾಕುವ, ಹೃದಯಕ್ಕೆ ಸ್ಟೆಂಟ್ ಇಡುವ ಕೆಲಸದ ಸಣ್ಣ ತಮ್ಮ. ಚಾಕು ಇಲ್ಲ, ಹೊಲಿಗೆ ಇಲ್ಲ, ಆದರೆ ಒಳಗೆ ಒಂದು ವಸ್ತು ಉಳಿಯುತ್ತದೆ.

ಆ ವಸ್ತು ಏನು? ಬಹುಪಾಲು ಫಿಲ್ಲರ್‌ಗಳಲ್ಲಿ ಇರುವುದು ಹೈಲುರಾನಿಕ್ ಆಮ್ಲದ ಜೆಲ್. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ಮನುಷ್ಯನ ಚರ್ಮದಲ್ಲೂ ಕೀಲುಗಳಲ್ಲೂ ಇದು ಸಹಜವಾಗಿಯೇ ಇದೆ. ನೀರು ಹೀರಿ ಉಬ್ಬಿಕೊಂಡಿರುವುದು ಅದರ ಗುಣ. ಚರ್ಮದಲ್ಲಿರುವ ಸಹಜ ಹೈಲುರಾನಿಕ್ ಆಮ್ಲ ಒಂದೆರಡು ದಿನಗಳಲ್ಲೇ ಒಡೆದು ಹೊಸದಾಗುತ್ತಿರುತ್ತದೆ. ಅಷ್ಟು ಬೇಗ ಕರಗಿಹೋದರೆ ವ್ಯಾಪಾರ ನಡೆಯುವುದಿಲ್ಲವಲ್ಲ, ಹಾಗಾಗಿ ಕಾರ್ಖಾನೆಯಲ್ಲಿ ಅದರ ಎಳೆಗಳನ್ನು ರಾಸಾಯನಿಕದಿಂದ ಒಂದಕ್ಕೊಂದು ಬೆಸೆದು ಗಟ್ಟಿಗೊಳಿಸುತ್ತಾರೆ. ಇನ್ನೊಂದು ಸ್ವಾರಸ್ಯವಿದೆ. ಇವತ್ತಿನ ಬಹಳಷ್ಟು ಜೆಲ್‌ಗೆ ಬೇಕಾದ ಕಚ್ಚಾವಸ್ತು ತಯಾರಾಗುವುದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ತೊಟ್ಟಿಗಳಲ್ಲಿ ಬೆಳೆಸಿ. ಬ್ಯಾಕ್ಟೀರಿಯಾದಿಂದಲೇ ಹುಟ್ಟಿದ ಜೆಲ್ಲನ್ನು ಶುದ್ಧಗೊಳಿಸಿ, ಬ್ಯಾಕ್ಟೀರಿಯಾ ತಾಗದಂತೆ ಸಿರಿಂಜಿನಲ್ಲಿ ತುಂಬಿ, ಒಂದು ಮಿಲಿಲೀಟರಿಗೆ ಹಲವು ಸಾವಿರ ರೂಪಾಯಿ ಬೆಲೆ ಕಟ್ಟುತ್ತಾರೆ.

ಮುಖದಲ್ಲಿ ವಸ್ತು ತುಂಬುವ ಹುಚ್ಚು ಹೊಸದೇನಲ್ಲ. 1899ರಲ್ಲಿ ವಿಯೆನ್ನಾದ ಶಸ್ತ್ರಚಿಕಿತ್ಸಕ ರಾಬರ್ಟ್ ಗೆರ್ಸುನಿ ಪ್ಯಾರಾಫಿನ್ ಮೇಣವನ್ನು ದೇಹಕ್ಕೆ ಚುಚ್ಚಿ ಆಕಾರ ಕೊಡುವ ಪದ್ಧತಿ ಶುರುಮಾಡಿದ. ಯುರೋಪಿನ ಶ್ರೀಮಂತರಲ್ಲಿ ಅದು ಹಬ್ಬಿತು. ಅಮೆರಿಕದಲ್ಲಿ ಬೇರುಗಳಿದ್ದ, ಸೌಂದರ್ಯಕ್ಕೇ ಹೆಸರಾಗಿದ್ದ ಗ್ಲ್ಯಾಡಿಸ್ ಡೀಕನ್ ಇಪ್ಪತ್ತೆರಡರ ಹರೆಯದಲ್ಲಿ ಮೂಗಿನ ಗೆರೆ ನೇರವಾಗಲೆಂದು ಮೇಣ ಹಾಕಿಸಿಕೊಂಡಳು. ಮುಂದೆ 1921ರಲ್ಲಿ ಆಕೆ ಇಂಗ್ಲೆಂಡಿನ ಮಾರ್ಲ್‌ಬರೋ ಡ್ಯೂಕ್‌ನ ಪತ್ನಿಯಾದಳು. ಮೇಣ ಮಾತ್ರ ಹಾಕಿದ ಜಾಗದಲ್ಲಿ ನಿಲ್ಲಲಿಲ್ಲ. ಮೂಗಿನಿಂದ ಜಾರಿ ಗಲ್ಲದತ್ತ ಇಳಿಯಿತು. ಉಳಿದವರ ಮುಖದಲ್ಲಿ ಅದು ಗಂಟಾಯಿತು, ಹುಣ್ಣಾಯಿತು. ಮೇಣದ ನಂತರ ದ್ರವ ಸಿಲಿಕೋನ್ ಬಂತು, ಅದರ ಕಥೆಯೂ ಇದಕ್ಕಿಂತ ಸುಖಾಂತವಲ್ಲ. 1981ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಸುವಿನ ಕೊಲ್ಯಾಜೆನ್‌ಗೆ ಒಪ್ಪಿಗೆ ಕೊಟ್ಟಿತು. 2003ರ ಡಿಸೆಂಬರ್‌ನಲ್ಲಿ ಹೈಲುರಾನಿಕ್ ಆಮ್ಲದ ಮೊದಲ ಫಿಲ್ಲರ್‌ಗೆ. ಹಿಂದಿನವುಗಳಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ ಎಂಬುದನ್ನು ಒಪ್ಪಲೇಬೇಕು, ಏಕೆಂದರೆ ಬೇಡವೆನಿಸಿದರೆ ಕರಗಿಸಲು ಮದ್ದಿದೆ. ಆ ಮದ್ದಿನ ವಿಷಯಕ್ಕೆ ಮುಂದೆ ಬರಬೇಕಾಗುತ್ತದೆ.

ಮೊದಲು ಸೋಂಕು. ಮುಖಕ್ಕೆ ರಕ್ತಸಂಚಾರ ಧಾರಾಳವಾಗಿರುವುದರಿಂದ ಅಲ್ಲಿನ ಗಾಯ ಬೇಗ ಮಾಯುತ್ತದೆ. ಹೀಗಾಗಿ ಸರಿಯಾದ ಕೈಯಲ್ಲಿ, ಸರಿಯಾದ ಜಾಗದಲ್ಲಿ ಹಾಕಿದ ಫಿಲ್ಲರ್ ಸೋಂಕಾಗುವುದು ಅಪರೂಪ. ಆದರೆ ಸೂಜಿ ಚರ್ಮ ದಾಟುವಾಗ ಮೇಲಿರುವುದನ್ನೆಲ್ಲ ತನ್ನ ಜೊತೆ ಒಳಗೆ ಎಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಹಚ್ಚಿದ ಫೌಂಡೇಶನ್, ಕೆನ್ನೆಯ ಮೇಲಿನ ಕೀವುಗುಳ್ಳೆ, ಮರಗಟ್ಟಿಸಲು ಬಳಿದ ಕ್ರೀಮಿನ ಉಳಿಕೆ, ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಆಟೊದಲ್ಲಿ ಬಂದವರ ಬೆವರು, ಧೂಳು. ಆದ್ದರಿಂದಲೇ ತಿಳಿದ ವೈದ್ಯರು ಮುಖವನ್ನು ಒಮ್ಮೆ ಹತ್ತಿಯಿಂದ ಒರೆಸಿ ಚುಚ್ಚಿಬಿಡುವುದಿಲ್ಲ. ಮೇಕಪ್ ಪೂರ್ತಿ ತೆಗೆಸುತ್ತಾರೆ, ನಂಜುನಿರೋಧಕ ಹಚ್ಚಿ ಅದು ಒಣಗುವ ತನಕ ಕಾಯುತ್ತಾರೆ, ಸೂಜಿಯ ತುದಿಗೆ ಬೆರಳು ತಾಗಿಸುವುದಿಲ್ಲ, ಒಂದೆರಡು ಬಾರಿ ಚುಚ್ಚಿದ ಮೇಲೆ ಸೂಜಿ ಬದಲಿಸುತ್ತಾರೆ. ಕಣ್ಣಿನ ಸುತ್ತ ಕ್ಲೋರ್‌ಹೆಕ್ಸಿಡಿನ್ ಬಳಸುವಂತಿಲ್ಲ, ಕಣ್ಣಿಗೆ ಬಿದ್ದರೆ ಪಾರದರ್ಶಕ ಪಟಲಕ್ಕೆ ಹಾನಿ. ಅಲ್ಲಿ ಪೊವಿಡೋನ್ ಅಯೊಡಿನ್ ಬೇಕು. ಹುಳುಕು ಹಲ್ಲಿನ ಬುಡದಲ್ಲಿ ಕೀವಿದ್ದರೆ, ಸೈನಸ್ ಕಟ್ಟಿಕೊಂಡಿದ್ದರೆ, ಮೊಡವೆ ಕೆಂಪಾಗಿ ಉಬ್ಬಿದ್ದರೆ ಅವತ್ತು ಸೂಜಿ ಹಿಡಿಯದೆ ವಾಪಸ್ ಕಳಿಸುತ್ತಾರೆ. ಹಲ್ಲಿನ ಕೆಲಸಕ್ಕೂ ಫಿಲ್ಲರ್‌ಗೂ ನಡುವೆ ಕನಿಷ್ಠ ಎರಡು ವಾರ ಅಂತರವಿರಲಿ ಎನ್ನುವುದು ಸಾಮಾನ್ಯ ಸಲಹೆ. ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ರಕ್ತಕ್ಕೆ ಇಳಿಯುತ್ತದೆ. ತುಟಿಗೆ ಪದೇ ಪದೇ ಹರ್ಪಿಸ್ ಗುಳ್ಳೆ ಏಳುವವರು ಅದನ್ನು ಮೊದಲೇ ಹೇಳಬೇಕು. ಸೂಜಿಯ ನೋವಿಗೇ ಮಲಗಿದ್ದ ವೈರಸ್ ಎದ್ದು ಕೂರುತ್ತದೆ.

ಮದುವೆಯ ವಿಷಯದಲ್ಲಿ ನಮ್ಮ ಕಡೆ ಇನ್ನೊಂದು ಅಪಾಯ ಕೂಡಿಕೊಳ್ಳುತ್ತದೆ. ಶುಕ್ರವಾರ ಫಿಲ್ಲರ್, ಶನಿವಾರ ಅರಿಶಿನ ಶಾಸ್ತ್ರ, ಭಾನುವಾರ ಮುಹೂರ್ತ ಎಂದು ಲೆಕ್ಕ ಹಾಕುವವರುಂಟು. ಸೂಜಿಯ ತೂತುಗಳು ಇನ್ನೂ ಹಸಿಯಿರುವಾಗಲೇ ನೀರಿನಲ್ಲಿ ಕಲೆಸಿದ ಅರಿಶಿನವನ್ನು ಮನೆಮಂದಿಯೆಲ್ಲ ತಮ್ಮ ತಮ್ಮ ಕೈಯಿಂದ ಕೆನ್ನೆಗೆ ಉಜ್ಜುತ್ತಾರೆ, ಮರುದಿನ ಅದರ ಮೇಲೆ ಗಂಟೆಗಟ್ಟಲೆ ಮೇಕಪ್. ಅರಿಶಿನ ನಂಜು ತೆಗೆಯುತ್ತದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಸಮಸ್ಯೆ ಇರುವುದು ನೀರಿನಲ್ಲಿ ಮತ್ತು ಕೈಗಳಲ್ಲಿ. ಊತ ಪೂರ್ತಿ ಇಳಿದು ಮುಖ ಹದಕ್ಕೆ ಬರಲು ಎರಡು ವಾರ ಬೇಕು. ಹಾಕಿಸಿಕೊಳ್ಳಲೇಬೇಕೆಂದಿದ್ದರೆ ಲಗ್ನಕ್ಕೆ ತಿಂಗಳು ಮೊದಲೇ.

ಚುಚ್ಚಿದ ಮೇಲೆ ಮೊದಲ ಎರಡು ಮೂರು ದಿನ ಊತ, ನೀಲಿಗಟ್ಟುವುದು, ಮುಟ್ಟಿದರೆ ನೋವು ಎಲ್ಲರಿಗೂ ಸಾಮಾನ್ಯ. ಅದು ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೆಯ ದಿನ ಇಳಿಯುವ ಬದಲು ಏರತೊಡಗಿದರೆ, ಚರ್ಮ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದು ಸ್ಟೆಫೈಲೊಕಾಕಸ್ ಅಥವಾ ಸ್ಟ್ರೆಪ್ಟೊಕಾಕಸ್ ಸೋಂಕಿನ ಲಕ್ಷಣ. ಇದಕ್ಕೆ ಆ್ಯಂಟಿಬಯೋಟಿಕ್ ಇದೆ, ಬೇಗ ಹೋದರೆ ವಾಸಿಯಾಗುತ್ತದೆ. ಮೂಗು ಮತ್ತು ಮೇಲ್ದುಟಿಯ ಸುತ್ತಿನ ಸೋಂಕನ್ನು ಮಾತ್ರ ಯಾರೂ ಹಗುರವಾಗಿ ನೋಡಬಾರದು. ಅಲ್ಲಿಂದ ಹೊರಡುವ ರಕ್ತನಾಳಗಳು ಕಣ್ಣಿನ ಹಿಂದಿನ ದಾರಿಯಲ್ಲಿ ಮಿದುಳಿನ ಬುಡದ ತನಕ ಸಂಪರ್ಕ ಹೊಂದಿವೆ. ‘ಮೂಗಿನ ಮೇಲಿನ ಗುಳ್ಳೆ ಹಿಚುಕಬೇಡ’ ಎಂದು ಹಿರಿಯರು ಗದರುವುದರಲ್ಲಿ ಶರೀರಶಾಸ್ತ್ರ ಇದೆ.

ತಕ್ಷಣ ಕಾಣುವ ಸೋಂಕಿಗಿಂತ ತಡವಾಗಿ ಬರುವ ಸೋಂಕು ವೈದ್ಯರನ್ನೂ ಹೈರಾಣಾಗಿಸುತ್ತದೆ. ಎಲ್ಲ ಸರಿಯಾಯಿತು ಎಂದುಕೊಂಡು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆನ್ನೆಯಲ್ಲಿ ಒಂದು ಗಂಟು. ಒತ್ತಿದರೆ ಸ್ವಲ್ಪ ನೋವು. ಮಾತ್ರೆ ತಿಂದರೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಏಳುತ್ತದೆ. ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಕಟ್ಟಿದ ಹಾಗೆ ಬ್ಯಾಕ್ಟೀರಿಯಾಗಳು ಜೆಲ್‌ನ ಮೈಗೆ ಅಂಟಿ, ತಮ್ಮ ಸುತ್ತ ತಾವೇ ಒಂದು ಲೋಳೆಯ ಹೊದಿಕೆ ಕಟ್ಟಿಕೊಂಡಿರುತ್ತವೆ. ವೈದ್ಯರು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಅದರೊಳಗೆ ಅವು ಅರೆನಿದ್ರೆಯಲ್ಲಿರುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಲೆಂದೇ ಮಾಡಿದ ಔಷಧ ಮಲಗಿದವುಗಳ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೂಜಿ ಹಾಕಿ ತೆಗೆದ ದ್ರವವನ್ನು ಲ್ಯಾಬಿಗೆ ಕಳಿಸಿದರೆ ‘ಏನೂ ಬೆಳೆಯಲಿಲ್ಲ’ ಎಂಬ ವರದಿ ಬರುವುದೂ ಉಂಟು. ಕೊನೆಗೆ ಜೆಲ್ಲನ್ನೇ ಕರಗಿಸಿ ತೆಗೆಯದೆ ವಿಧಿಯಿರುವುದಿಲ್ಲ.

ಇನ್ನು ನೀರು. ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟರಾದ ಮೈಕೊಬ್ಯಾಕ್ಟೀರಿಯಮ್ ಚೆಲೊನೆ, ಅಬ್‌ಸೆಸಸ್, ಫಾರ್ಚುಯಿಟಮ್ ಎಂಬವು ನಲ್ಲಿ ನೀರಿನಲ್ಲೂ ಮಣ್ಣಿನಲ್ಲೂ ಆರಾಮವಾಗಿ ಬದುಕುತ್ತವೆ. ಕುಡಿದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ, ಚರ್ಮದಡಿ ಹೋದರೆ ಮಾತ್ರ ತಿಂಗಳುಗಟ್ಟಲೆ ಕಾಟ. 2002ರಲ್ಲಿ ನ್ಯೂಯಾರ್ಕ್‌ನಲ್ಲಿ ಪರವಾನಗಿ ಇಲ್ಲದವರ ಬಳಿ ಮುಖ, ಮೈ ತುಂಬಿಸಿಕೊಳ್ಳುವ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಅಬ್‌ಸೆಸಸ್ ಸೋಂಕು ಒಟ್ಟೊಟ್ಟಾಗಿ ಕಾಣಿಸಿಕೊಂಡಿತ್ತು. ಭಾರತದ ಶಸ್ತ್ರಚಿಕಿತ್ಸಕರಿಗೂ ಈ ಹೆಸರುಗಳು ಹೊಸವಲ್ಲ. ಲ್ಯಾಪರೋಸ್ಕೋಪಿ ಉಪಕರಣಗಳನ್ನು ರಾಸಾಯನಿಕದಲ್ಲಿ ಅದ್ದಿಟ್ಟು, ಆಮೇಲೆ ಸಾದಾ ನೀರಿನಲ್ಲಿ ತೊಳೆದ ಕಡೆಗಳಲ್ಲಿ ಹೊಟ್ಟೆಯ ಸಣ್ಣ ತೂತುಗಳು ಮಾಯದೆ ಒಸರುತ್ತಲೇ ಇದ್ದ ಪ್ರಕರಣಗಳು ಇಲ್ಲಿ ಬೇಕಾದಷ್ಟಿವೆ. ಫಿಲ್ಲರ್ ಹಾಕುವ ಕೋಣೆಯಲ್ಲಿ ಈ ನೀರು ಬರುವುದು ಒಂದು ನಿರುಪದ್ರವಿ ವೇಷದಲ್ಲಿ: ನೋವು ತಿಳಿಯದಿರಲಿ ಎಂದು ತುಟಿಗೆ ಒತ್ತುವ ಐಸ್. ನಲ್ಲಿ ನೀರಿನ ಐಸನ್ನು ಚುಚ್ಚಿದ ಜಾಗಕ್ಕೆ ನೇರವಾಗಿ ಒತ್ತಿದರೆ ಕರಗಿದ ನೀರು ತೂತಿನೊಳಗೆ ಹೋಗಲು ಅಡ್ಡಿಯೇನಿದೆ?

ಈ ಸೋಂಕಿಗೆ ನಮ್ಮಲ್ಲಿ ಇನ್ನೊಂದು ತಿರುವು ಸಿಗುತ್ತದೆ. ಗಂಟಿನ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರೆ ಅದು ಕ್ಷಯದಂತೆಯೇ ಕಾಣುತ್ತದೆ. ಕ್ಷಯ ಮನೆಮಾತಾಗಿರುವ ದೇಶದಲ್ಲಿ ವೈದ್ಯರ ಕೈ ಸಹಜವಾಗಿ ಟಿಬಿ ಮಾತ್ರೆಯ ಕಡೆ ಹೋಗುತ್ತದೆ. ಈ ನೆಂಟರು ಆ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಜಗ್ಗುವುದಿಲ್ಲ; ಕ್ಲಾರಿತ್ರೊಮೈಸಿನ್‌ನಂಥ ಬೇರೆ ಔಷಧ, ಅದೂ ಒಂದಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ಬೇಕು. ‘ಎರಡು ತಿಂಗಳ ಹಿಂದೆ ಇಲ್ಲಿ ಫಿಲ್ಲರ್ ಹಾಕಿಸಿದ್ದೆ’ ಎಂಬ ಒಂದು ಮಾತು ಹೇಳಿದ್ದರೆ ಪರೀಕ್ಷೆಯ ದಿಕ್ಕೇ ಬದಲಾಗುತ್ತಿತ್ತು. ಮನೆಯವರಿಗೆ ಗೊತ್ತಾಗಬಾರದೆಂಬ ಸಂಕೋಚಕ್ಕೆ ಆ ಮಾತು ಗಂಟಲಲ್ಲೇ ಉಳಿಯುತ್ತದೆ.

ರಕ್ತದಿಂದ ಹರಡುವ ರೋಗಗಳ ಕಥೆಗೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೆ ಹೋಗಬೇಕು. 2018ರಲ್ಲಿ ಅಲ್ಲಿ ನಲವತ್ತು ದಾಟಿದ ಮಹಿಳೆಯೊಬ್ಬರಿಗೆ ಎಚ್‌ಐವಿ ಇರುವುದು ಪತ್ತೆಯಾಯಿತು. ಸೋಂಕು ತಗಲುವ ಯಾವ ಕಾರಣವೂ ಆಕೆಯ ಬದುಕಿನಲ್ಲಿರಲಿಲ್ಲ, ಒಂದರ ಹೊರತು: ಆ ವರ್ಷದ ವಸಂತದಲ್ಲಿ ಆಕೆ ಒಂದು ಸ್ಪಾನಲ್ಲಿ ‘ವ್ಯಾಂಪೈರ್ ಫೇಶಿಯಲ್’ ಮಾಡಿಸಿಕೊಂಡಿದ್ದರು. ತನ್ನದೇ ರಕ್ತದ ಅಂಶ ತೆಗೆದು ಸೂಜಿಗಳಿಂದ ಮುಖಕ್ಕೆ ಹಾಕುವ ವಿಧಾನ ಅದು. ಅಧಿಕಾರಿಗಳು ಹೋಗಿ ನೋಡಿದರೆ ಆ ಸ್ಪಾಗೆ ಪರವಾನಗಿಯೇ ಇಲ್ಲ. ಹೆಸರು ಬರೆಯದ ರಕ್ತದ ಟ್ಯೂಬ್‌ಗಳು ಅಡುಗೆಮನೆಯ ಫ್ರಿಜ್‌ನಲ್ಲಿ ತಿನಿಸಿನ ಜೊತೆ ಇದ್ದವು. ಸುಮಾರು 200 ಜನರನ್ನು ಪರೀಕ್ಷೆಗೊಳಪಡಿಸಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಪ್ರಕಟಿಸಿದ ವರದಿಯ ಪ್ರಕಾರ, ಕನಿಷ್ಠ ಮೂವರಿಗೆ ಎಚ್‌ಐವಿ ಅಲ್ಲಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಸ್ಪಾದ ಒಡತಿ ಜೈಲಿಗೆ ಹೋದಳು.

ಅದು ಅಮೆರಿಕದ ಮಾತಾಯಿತು ಎಂದು ತಳ್ಳಿಹಾಕುವ ಮೊದಲು ಒಂದು ಸಿರಿಂಜಿನ ಅರ್ಥಶಾಸ್ತ್ರ ನೋಡಬೇಕು. ಒಂದು ಮಿಲಿಲೀಟರ್ ತುಟಿಗೆ ಕೆಲವೊಮ್ಮೆ ಹೆಚ್ಚಾಗುತ್ತದೆ. ‘ಅರ್ಧ ಈಗ, ಉಳಿದರ್ಧ ಮುಂದಿನ ತಿಂಗಳು ಟಚ್‌ಅಪ್‌ಗೆ ಫ್ರಿಜ್‌ನಲ್ಲಿ ಇಟ್ಟಿರ್ತೀವಿ’ ಎಂಬ ಮಾತು ಮಿತವ್ಯಯದಂತೆ ಕೇಳುತ್ತದೆ. ಇಬ್ಬರು ಗೆಳತಿಯರು ಒಂದನ್ನೇ ಹಂಚಿಕೊಂಡರೆ ಬಿಲ್ಲೂ ಅರ್ಧ. ಆದರೆ ಸಿರಿಂಜ್ ಒಬ್ಬರಿಗೆ, ಒಂದೇ ಸಲಕ್ಕೆ ಎಂದು ತಯಾರಕರು ಪೆಟ್ಟಿಗೆಯ ಮೇಲೇ ಮುದ್ರಿಸಿರುತ್ತಾರೆ. ಸೂಜಿ ಬದಲಿಸಿದರೂ ಸಿರಿಂಜಿನ ತುದಿಯವರೆಗೆ ಹಿಮ್ಮೆಟ್ಟಿ ಬಂದ ರಕ್ತ ಅಲ್ಲೇ ಇರುತ್ತದೆ.

ಸೂಜಿಯ ಮೂಲಕ ಒಳಗೆ ಹೋಗುವ ದ್ರವದ ಶುದ್ಧತೆ ಎಂದರೇನು ಎಂಬುದನ್ನು ಬಳ್ಳಾರಿಗೆ ಯಾರೂ ಹೇಳಿಕೊಡಬೇಕಿಲ್ಲ. 2024ರ ನವೆಂಬರ್ 9ರಿಂದ 11ರ ನಡುವೆ ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದವರ ಪೈಕಿ ಐವರು ಬಾಣಂತಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಹನಿಹನಿಯಾಗಿ ನರಕ್ಕೆ ಕೊಡುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಎದ್ದಿತು. ರಾಜ್ಯ ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ತಾಯಂದಿರಿಗೆ ಬೇರೆ ಆಯ್ಕೆ ಇರಲಿಲ್ಲ, ಮಂಚದ ಮೇಲೆ ಮಲಗಿ ಬಾಟಲಿಯ ಲೇಬಲ್ ಓದುವ ಸ್ಥಿತಿಯೂ ಇರಲಿಲ್ಲ. ಫಿಲ್ಲರ್‌ಗೆ ಹೋಗುವವರ ಸಂಗತಿ ಬೇರೆ. ಅವರಿಗೆ ಅವಸರವಿಲ್ಲ, ದುಡ್ಡು ಅವರದು. ಪೆಟ್ಟಿಗೆ ತಮ್ಮೆದುರೇ ಒಡೆಯಲಿ ಎಂದು ಕೇಳಬಹುದು, ಆಮದುದಾರರ ಹೆಸರು, ಲೈಸೆನ್ಸ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಓದಬಹುದು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಫಿಲ್ಲರ್ ಸೇರಿದಂತೆ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯ ಕಣ್ಗಾವಲಿಗೆ ಬಂದಿವೆ. ಲೇಬಲ್ ಇಲ್ಲದ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಸಿರಿಂಜ್ ಕಳ್ಳಮಾಲಿಗೆ ಸಮ. ಸೂಜಿಯೇ ಇಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ‘ಹೈಲುರಾನ್ ಪೆನ್’ ಎಂಬ ಆಟಿಕೆಯೂ ಹೀಗೇ ಬರುತ್ತದೆ. 2021ರ ಅಕ್ಟೋಬರ್‌ನಲ್ಲೇ ಅಮೆರಿಕದ ಎಫ್‌ಡಿಎ ಅದನ್ನು ಬಳಸಬೇಡಿ ಎಂದು ಎಚ್ಚರಿಸಿದೆ.

ಸೋಂಕಿಗಾದರೂ ದಿನಗಳ ಕಾಲಾವಕಾಶವಿದೆ. ಇನ್ನೊಂದು ತೊಡಕಿಗೆ ಇರುವುದು ನಿಮಿಷಗಳು.

ಹುಬ್ಬುಗಳ ನಡುವೆ, ಮೂಗಿನ ಮೇಲೆ, ಮೂಗಿನ ಪಕ್ಕದ ಗೆರೆಯಲ್ಲಿ ಹರಿಯುವ ಸಣ್ಣ ಅಪಧಮನಿಗಳಿಗೆ ಕಣ್ಣಿಗೆ ರಕ್ತ ಕೊಡುವ ಅಪಧಮನಿಯ ಜೊತೆ ಸಂಪರ್ಕವಿದೆ. ಸೂಜಿಯ ತುದಿ ಅಂಥ ನಾಳದೊಳಗೆ ಹೋಗಿದ್ದು, ಪಿಸ್ಟನ್ನನ್ನು ಜೋರಾಗಿ ಒತ್ತಿದರೆ ಜೆಲ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಸಾಗುತ್ತದೆ. ಒತ್ತಡ ಬಿಟ್ಟೊಡನೆ ರಕ್ತವೇ ಅದನ್ನು ಮುಂದಕ್ಕೆ ತಳ್ಳಿ ಅಕ್ಷಿಪಟಲದ ನಾಳಕ್ಕೆ ಸೇರಿಸುತ್ತದೆ. ಕಣ್ಣು ಅಲ್ಲೇ, ಕುರ್ಚಿಯಲ್ಲಿ ಕೂತಿದ್ದಂತೆಯೇ, ಮಂಜಾಗುತ್ತದೆ ಅಥವಾ ಕತ್ತಲಾಗುತ್ತದೆ. ಕೆನಡಾದ ಚರ್ಮತಜ್ಞೆ ಕೇಟಿ ಬೆಲೆಜ್ನೆ ಮತ್ತು ಸಂಗಡಿಗರು 2015ರಲ್ಲಿ ಜಗತ್ತಿನ ವೈದ್ಯಕೀಯ ಸಾಹಿತ್ಯ ಜಾಲಾಡಿ ಇಂಥ 98 ಪ್ರಕರಣ ಕಲೆಹಾಕಿದರು. 2019ರಲ್ಲಿ ಇನ್ನೂ 48 ಸೇರಿದವು. ಹುಬ್ಬಿನ ನಡುವೆ ಮತ್ತು ಮೂಗು ಅತಿ ಅಪಾಯದ ಜಾಗಗಳೆಂದು ಅವುಗಳಿಂದಲೇ ತಿಳಿದದ್ದು. ಮೊದಲ ಪಟ್ಟಿಯಲ್ಲಿ ದೃಷ್ಟಿ ಹೋದ ಬಹುಪಾಲು ಜನರಿಗೆ ಅದು ಮರಳಲಿಲ್ಲ. ರಕ್ತ ನಿಂತ ಅಕ್ಷಿಪಟಲ ತಾಳಿಕೊಳ್ಳುವುದು ಅರವತ್ತರಿಂದ ತೊಂಬತ್ತು ನಿಮಿಷ. ಸಿರುಗುಪ್ಪ ಬಳ್ಳಾರಿಯಿಂದ ಸುಮಾರು 55 ಕಿಲೋಮೀಟರ್. ಬೆಂಗಳೂರು 300ಕ್ಕೂ ಹೆಚ್ಚು. ‘ಏನಾದ್ರೂ ಆದ್ರೆ ಬೆಂಗಳೂರಿಗೆ ಕಳಿಸ್ತೀವಿ’ ಎಂಬ ಭರವಸೆಗೆ ಇಲ್ಲಿ ಏನು ಬೆಲೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಜೆಲ್ ಕಣ್ಣಿನ ತನಕ ಹೋಗದೆ ಚರ್ಮದ ನಾಳದಲ್ಲೇ ಸಿಕ್ಕಿಕೊಳ್ಳುವುದು ಹೆಚ್ಚು. ಆಗ ಅಲ್ಲಿನ ಚರ್ಮ ಮೊದಲು ಬಿಳಚಿ, ಆಮೇಲೆ ಬಲೆ ಬಲೆಯಾಗಿ ನೇರಳೆ ಬಣ್ಣ ತಿರುಗುತ್ತದೆ. ಪುಸ್ತಕಗಳಲ್ಲಿರುವ ಚಿತ್ರಗಳು ಬಹುತೇಕ ಬಿಳಿಯರ ಚರ್ಮದವು. ನಮ್ಮ ಕಂದು ಮೈಬಣ್ಣದಲ್ಲಿ ಈ ಬದಲಾವಣೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಮರಳಲು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆಯೇ ಎಂದು ನೋಡಬೇಕು. ಸಹಜಕ್ಕಿಂತ ಹೆಚ್ಚಿನ ನೋವು ಇನ್ನೊಂದು ಸುಳಿವು, ಆದರೆ ಮರಗಟ್ಟಿಸುವ ಔಷಧ ಹಾಕಿದ್ದರೆ ನೋವೂ ಗೊತ್ತಾಗುವುದಿಲ್ಲ. ಮೂರನೇ ದಿನದ ಹೊತ್ತಿಗೆ ಅಲ್ಲಿ ಸಣ್ಣ ಕೀವುಗುಳ್ಳೆಗಳು ಏಳುತ್ತವೆ. ಇದನ್ನು ನೋಡಿದವರು ಸೋಂಕೆಂದೋ ಹರ್ಪಿಸ್ ಎಂದೋ ತಿಳಿದು ಮಾತ್ರೆ ಬರೆದುಕೊಡುತ್ತಾರೆ. ಅತ್ತ ರಕ್ತವಿಲ್ಲದ ಚರ್ಮ ಕಪ್ಪಾಗಿ ಸಾಯುತ್ತಾ ಹೋಗುತ್ತದೆ. ಎರಡು ತೊಡಕುಗಳು ಒಂದರ ಮುಖವಾಡ ಇನ್ನೊಂದು ಹಾಕಿಕೊಂಡು ಬರುವುದು ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ಎರಡು ದಿನದ ಕಾರ್ಯಾಗಾರದ ಸರ್ಟಿಫಿಕೇಟ್ ಗೋಡೆಗೆ ತೂಗಿಸಿದವರಿಗೆ ಇದು ದಕ್ಕುವಂಥದ್ದಲ್ಲ.

ಈಗ ಮದ್ದಿನ ವಿಷಯ. ಹೈಲುರಾನಿಕ್ ಜೆಲ್ಲನ್ನು ಕರಗಿಸುವುದು ಹೈಲುರೊನಿಡೇಸ್ ಎಂಬ ಕಿಣ್ವ. ಬೆರಳ ತುದಿಯಷ್ಟು ಗಾಜಿನ ಶೀಶೆ, ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ, 1500 ಯೂನಿಟ್. ಸಲೈನ್ ಬೆರೆಸಿದರೆ ನೀರಿನಷ್ಟೇ ತಿಳಿ. ಇದೇನೂ ವಿದೇಶದಿಂದ ಬರಬೇಕಾದ ಅಪರೂಪದ ಔಷಧವಲ್ಲ. ಕಣ್ಣಿನ ಪೊರೆ ತೆಗೆಯುವಾಗ ಅರಿವಳಿಕೆ ಚೆನ್ನಾಗಿ ಹರಡಲೆಂದು ಇದನ್ನು ಬೆರೆಸುವುದರಿಂದ ಕಣ್ಣಿನ ಆಸ್ಪತ್ರೆಗಳಿಗೆ ಇದು ಚಿರಪರಿಚಿತ. ನಾಳ ಕಟ್ಟಿಕೊಂಡಾಗ ಒಂದು ಹನಿ ಹಾಕಿ ಕೂರುವಂತಿಲ್ಲ. ದೊಡ್ಡ ಪ್ರಮಾಣದಲ್ಲಿ, ಗಂಟೆಗೊಮ್ಮೆ, ಬಣ್ಣ ಮರಳುವ ತನಕ ಹಾಕುತ್ತಲೇ ಇರಬೇಕು. ಅಂದರೆ ಫಿಲ್ಲರ್ ಹಾಕುವ ಕೋಣೆಯ ಫ್ರಿಜ್‌ನಲ್ಲಿ ಒಂದಲ್ಲ, ಹಲವು ಶೀಶೆ ಇರಬೇಕು. ಪ್ರಾಣಿಮೂಲದ್ದಾದ್ದರಿಂದ ಇದಕ್ಕೂ ಅಲರ್ಜಿ ಆದೀತು, ಜೇನುಹುಳು ಕಚ್ಚಿದರೆ ಮೈಯೆಲ್ಲ ಊದುವವರು ಮೊದಲೇ ಹೇಳಬೇಕು. ಕೀವು ತುಂಬಿದ ಜಾಗಕ್ಕೆ ಇದನ್ನು ಅವಸರದಲ್ಲಿ ಹಾಕಿದರೆ ಸೋಂಕು ಸುತ್ತಲೂ ಹರಡಲು ತಾನೇ ದಾರಿ ಮಾಡಿಕೊಟ್ಟಂತೆ. ಆ್ಯಂಟಿಬಯೋಟಿಕ್ ಮುಂದೆ, ಕಿಣ್ವ ಹಿಂದೆ. ಕ್ಯಾಲ್ಸಿಯಂ ಹುಡಿಯ, ಸಿಲಿಕೋನ್‌ನ, ಸ್ವಂತ ಕೊಬ್ಬಿನ ಫಿಲ್ಲರ್‌ಗಳ ಮೇಲೆ ಈ ಮದ್ದು ಕೆಲಸವನ್ನೇ ಮಾಡುವುದಿಲ್ಲ. ಕರಗಿಸಿಕೊಳ್ಳುವುದು ನೋಡಲು ಹೇಗಿರುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಕಿರುತೆರೆ ನಟಿ ಉರ್ಫಿ ಜಾವೇದ್ ತಾವೇ ವಿಡಿಯೊ ಹಾಕಿ ತೋರಿಸಿದರು. ಹದಿನೆಂಟರ ವಯಸ್ಸಿನಿಂದ ತುಟಿಗೆ ಫಿಲ್ಲರ್ ಹಾಕಿಸುತ್ತಿದ್ದ ಆಕೆಯ ಮುಖ ಗುರುತೇ ಸಿಗದಷ್ಟು ಊದಿಕೊಂಡಿತ್ತು. ಜನ ನಕ್ಕರು, ಮೀಮ್ ಮಾಡಿದರು. ಆ ವಿಡಿಯೊ ಮಾತ್ರ ಯಾವ ಕ್ಲಿನಿಕ್ಕಿನ ಜಾಹೀರಾತಿಗಿಂತ ಪ್ರಾಮಾಣಿಕವಾಗಿತ್ತು.

ಕರ್ನಾಟಕದಲ್ಲಿ ಸೌಂದರ್ಯ ಚಿಕಿತ್ಸೆಯ ಕಹಿ ನೆನಪು 2022ರ ಮೇ ತಿಂಗಳದ್ದು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದ 21 ವರ್ಷದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಮೃತಪಟ್ಟರು. ಹೆತ್ತವರು ನಿರ್ಲಕ್ಷ್ಯದ ಆರೋಪ ಮಾಡಿದರು. ಫಿಲ್ಲರ್‌ಗೂ ಆ ಶಸ್ತ್ರಚಿಕಿತ್ಸೆಗೂ ಸಂಬಂಧವಿಲ್ಲ. ಆದರೆ ಯಾವ ಕ್ಲಿನಿಕ್ ಯಾವ ಕೆಲಸಕ್ಕೆ ನೋಂದಣಿ ಮಾಡಿಸಿಕೊಂಡಿದೆ ಎಂಬ ಪ್ರಶ್ನೆಯನ್ನು ಜನ ಗಟ್ಟಿಯಾಗಿ ಕೇಳಿದ್ದು ಆಗ. ಉತ್ತರ ಹುಡುಕಲು ದಾರಿ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. ಅದರಡಿಯ ಕೆಪಿಎಂಇ ನೋಂದಣಿ ಇಲ್ಲದೆ ರಾಜ್ಯದಲ್ಲಿ ಯಾರೂ ಕ್ಲಿನಿಕ್ ನಡೆಸುವಂತಿಲ್ಲ. ಜಿಲ್ಲೆಯಲ್ಲಿ ನೋಂದಣಿ ಮತ್ತು ದೂರು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಕಾರ್ಯದರ್ಶಿ. ನಕಲಿ ವೈದ್ಯರ ಹಾವಳಿ ತಡೆಯಲು 2024ರಲ್ಲಿ ಆರೋಗ್ಯ ಇಲಾಖೆ ನೋಂದಣಿ ಸಂಖ್ಯೆ, ವೈದ್ಯರ ಹೆಸರು ಕಾಣುವಂತೆ ಫಲಕ ಹಾಕಬೇಕು, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣ ಇರಬೇಕು ಎಂದು ಸೂಚಿಸಿತು. ಬ್ಯೂಟಿ ಪಾರ್ಲರಿನ ಗುಲಾಬಿ ಫಲಕಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ರಾತ್ರಿ ಹತ್ತಕ್ಕೆ ಕೆನ್ನೆ ಬಿಳಚಿದರೆ ಫೋನ್ ಎತ್ತುವವರು ಯಾರು ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು. ಹಾಕಿದವರು ಸಿಗದಿದ್ದರೆ ಬಳ್ಳಾರಿಯಲ್ಲಿ ವಿಮ್ಸ್ ಆಸ್ಪತ್ರೆ ಇದೆ. ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ಹೆಸರಾಗಿದ್ದರೂ ಆಟೊದವರಿಗೆ ಅದು ವಿಮ್ಸೇ. ಕಣ್ಣು ಮಂಜಾದರೆ ಮನೆಗೆ ಹೋಗಿ ಮಲಗಿ ನೋಡುವ ಮಾತೇ ಇಲ್ಲ, ನೇರ ಅಲ್ಲಿಗೆ.

ಇನ್ನು ಎಲ್ಲರೂ ಹೇಳುವ ಸಮಾಧಾನವೊಂದಿದೆ: ‘ಹೇಗೂ ಒಂದು ವರ್ಷದಲ್ಲಿ ಕರಗಿ ಹೋಗುತ್ತಲ್ಲ.’ ಅದೂ ಪೂರ್ತಿ ನಿಜವಲ್ಲ. ಆಸ್ಟ್ರೇಲಿಯಾದಲ್ಲಿ ವೈದ್ಯ ಮೊಬಿನ್ ಮಾಸ್ಟರ್ ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ನೋಡಿದಾಗ, ಹಾಕಿಸಿಕೊಂಡು ಎರಡರಿಂದ ಹದಿನೈದು ವರ್ಷ ಕಳೆದವರ ಕೆನ್ನೆಯಲ್ಲೂ ಜೆಲ್ ಕಂಡಿದೆ. ಹೊರಗೆ ಉಬ್ಬು ಇಳಿದಿರಬಹುದು, ಒಳಗಿನ ವಸ್ತು ಇದೆ. ದೇಹದ ರೋಗನಿರೋಧಕ ವ್ಯವಸ್ಥೆ ಎಂದೋ ಒಮ್ಮೆ ಅದನ್ನು ಗುರುತಿಸಿ ಗದ್ದಲ ಎಬ್ಬಿಸಬಹುದು. 2020ರಲ್ಲಿ ಮಾಡರ್ನಾ ಕಂಪನಿಯ ಕೋವಿಡ್ ಲಸಿಕೆಯ ಪ್ರಯೋಗದಲ್ಲಿ ಫಿಲ್ಲರ್ ಇದ್ದ ಮೂವರಿಗೆ ಲಸಿಕೆ ಹಾಕಿದ ಮೇಲೆ ಮುಖವೋ ತುಟಿಯೋ ಊದಿತ್ತು. ಮೂವರಿಗೂ ಅದು ಗುಣವಾಯಿತು. ಜ್ವರ, ಹಲ್ಲಿನ ಸೋಂಕು, ಸೈನಸ್ ಯಾವುದೂ ಇಂಥ ನೆಪವಾಗಬಲ್ಲದು. ಹೀಗಾಗಿ ಹಾಕಿದ ಜೆಲ್‌ನ ಪೆಟ್ಟಿಗೆಯೊಳಗೆ ಬರುವ ಸಣ್ಣ ಅಂಟುಚೀಟಿಯನ್ನು ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ಹೆಸರು, ಬ್ಯಾಚ್ ಸಂಖ್ಯೆ ಎರಡೂ ಅದರಲ್ಲಿರುತ್ತವೆ. ಒಂದು ಪ್ರತಿ ಕ್ಲಿನಿಕ್ಕಿನ ದಾಖಲೆಗೆ, ಇನ್ನೊಂದು ಹಾಕಿಸಿಕೊಂಡವರ ಕಡತಕ್ಕೆ. ಐದು ವರ್ಷದ ನಂತರ ಬೇರೆ ಊರಿನಲ್ಲಿ, ಬೇರೆ ವೈದ್ಯರೆದುರು, ಕೆನ್ನೆಯಲ್ಲಿ ಎದ್ದ ಗಂಟನ್ನು ತೋರಿಸುತ್ತಾ ಕೂತಾಗ ಅದು ಕರಗುವ ಜೆಲ್ಲೋ ಕರಗದ ಸಿಲಿಕೋನೋ ಎಂಬುದನ್ನು ಖಚಿತವಾಗಿ ಹೇಳಬಲ್ಲ ಕಾಗದ ಅದೊಂದೇ ಆಗಿರುತ್ತದೆ.